ಅವನ ಮಾತು ಅವನೇ ಮುಗಿಸಲಿ

ನಮ್ಮ ಅಕ್ಕನ ಮಗನಿಗೆ ಈಗ ಐದು ವರ್ಷ. ಮಾತು ಕಲಿತಾಗ ಅರಳು ಹುರಿದ ಹಾಗೆ ಮಾತಾಡ್ತಿದ್ದ. ಮೂರೂವರೆಗೆ ಉಗ್ಗು ಶುರುವಾಯ್ತು. ಮೊದಲು "ನಾ ನಾ ನಾನು", ಆಮೇಲೆ "ಮ್ಮ್ಮ್ಮಾಮ" ಅಂತ ಎಳೆಯೋದು, ಕೆಲವು ಸಲ ಬಾಯಿ ತೆರೆದರೂ ಸದ್ದೇ ಬರದೆ ನಿಂತುಬಿಡೋದು.

ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಔಷಧಿ. ಅಜ್ಜಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ಪಕ್ಕದ ಮನೆಯವರು "ಯಾರನ್ನೋ ಅಣಕಿಸಿ ಕಲಿತಿರ್ತಾನೆ" ಅಂದ್ರು. ಭಾವ "ಉಸಿರು ತಗೊಂಡು ನಿಧಾನವಾಗಿ ಹೇಳೋ" ಅಂತಿದ್ರು. ಎಲ್ಲರದ್ದೂ ಪ್ರೀತಿಯೇ. ಆದರೆ ಹುಡುಗ "ಮಾಮ" ಅಂತ ಕರೆಯೋದನ್ನೇ ಬಿಟ್ಟು ನನ್ನ ಅಂಗಿ ಎಳೆಯೋಕೆ ಶುರು ಮಾಡಿದ. ಉಗ್ಗಿಗಿಂತ ನನಗೆ ಭಯ ಹುಟ್ಟಿಸಿದ್ದು ಈ ಮೌನ.

ಅಕ್ಕ ಅವನನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡು ಹೋದಳು. ಅಲ್ಲಿ ತಿಳಿದದ್ದು ಇಷ್ಟು: ಉಗ್ಗು ನಾಲಿಗೆಯ ದೋಷವಲ್ಲ, ಅಂಜಿಕೆಯಿಂದ ಹುಟ್ಟಿದ್ದಲ್ಲ, ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. ಮಾತಿನ ಟೈಮಿಂಗ್ ನೋಡಿಕೊಳ್ಳುವ ಮೆದುಳಿನ ಭಾಗಗಳು ಕೊಂಚ ಬೇರೆ ಥರ ಕೆಲಸ ಮಾಡುತ್ತವೆ, ವಂಶದಲ್ಲೂ ಬರುತ್ತೆ. ಹಾಡುವಾಗ ಬಹುತೇಕರಿಗೆ ಉಗ್ಗು ಬರೋದಿಲ್ಲ. ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ, 100ರಲ್ಲಿ ಸುಮಾರು 5 ಮಕ್ಕಳಿಗೆ ಶುರುವಾಗುತ್ತೆ. ಹೆಚ್ಚಿನವರಿಗೆ ತಾನಾಗೇ ಹೋಗುತ್ತೆ. ಆದರೆ 6 ತಿಂಗಳು ದಾಟಿದರೆ, ಮನೆತನದಲ್ಲಿ ಯಾರಿಗಾದರೂ ಇದ್ದರೆ, ಮಗು ಮಾತು ತಪ್ಪಿಸಲು ನೋಡಿದರೆ "ದೊಡ್ಡವನಾದ್ಮೇಲೆ ಸರಿಹೋಗುತ್ತೆ" ಅಂತ ಕಾಯಬಾರದು.

ಥೆರಪಿಸ್ಟ್ ಮಗುವಿಗಿಂತ ನಮಗೇ ಜಾಸ್ತಿ ಹೋಂವರ್ಕ್ ಕೊಟ್ಟರು. ಅವನಿಗೆ ನಿಧಾನ ಅನ್ನಬೇಡಿ, ನೀವೇ ನಿಧಾನವಾಗಿ ಮಾತಾಡಿ. ಪದ ಸಿಕ್ಕಿಕೊಂಡಾಗ ನೀವು ತುಂಬಬೇಡಿ. ಮುಖ ನೋಡ್ತಾ ಕಾಯಿರಿ. ಹೇಗೆ ಹೇಳಿದ ಅನ್ನೋದಕ್ಕಲ್ಲ, ಏನು ಹೇಳಿದ ಅನ್ನೋದಕ್ಕೆ ಉತ್ತರ ಕೊಡಿ. ದಿನಕ್ಕೆ ಐದು ನಿಮಿಷವಾದರೂ ಫೋನ್ ಬದಿಗಿಟ್ಟು ಅವನೊಬ್ಬನ ಜೊತೆ ಕೂರಿ.

ಕೇಳೋಕೆ ಸುಲಭ. ಬಾಯಲ್ಲೇ ಉಳಿದ ಪದ ನಮಗೆ ಗೊತ್ತಿದ್ದೂ ಐದು ಸೆಕೆಂಡ್ ಸುಮ್ಮನಿರೋದು ಎಷ್ಟು ಕಷ್ಟ ಅಂತ ಮಾಡಿ ನೋಡಿದರೆ ಗೊತ್ತಾಗುತ್ತೆ! ಅವನು ಈಗಲೂ ಉಗ್ಗುತ್ತಾನೆ. ಆದರೆ ಜೆಸಿಬಿ ಬಗ್ಗೆ ಹತ್ತು ನಿಮಿಷ ಕೊರೀತಾನೆ. ನಮಗೆ ಬೇಕಿದ್ದದ್ದು ಅದೇ.

ದೊಡ್ಡವರಲ್ಲೂ 100ಕ್ಕೆ ಸುಮಾರು ಒಬ್ಬರಿಗೆ ಉಗ್ಗು ಉಳಿಯುತ್ತೆ. ಅಂದರೆ ನಮ್ಮ ಕ್ಯಾಂಪಸ್ಸಿನಲ್ಲೂ ಇದ್ದಾರೆ. ಬೇರೆ ಪದ ಸಿಕ್ಕಿಕೊಂಡರೆ ಬದಲಿಸಬಹುದು, ಸ್ವಂತ ಹೆಸರಿಗೆ ಬದಲಿ ಪದ ಎಲ್ಲಿಂದ ತರೋದು? ವೈವಾದಲ್ಲಿ ಉತ್ತರ ಗೊತ್ತಿದ್ದೂ "ಗೊತ್ತಿಲ್ಲ ಸರ್" ಅನ್ನುವವರು ನಿಮ್ಮ ಬ್ಯಾಚಿನಲ್ಲೇ ಇರಬಹುದು. ಅವರು ಸೆಮಿನಾರಿಗೆ ಎದ್ದು ನಿಂತಾಗ ಹಿಂದಿನ ಬೆಂಚಿನಿಂದ ನಗು ಬರದಿರಲಿ, ಪದ ಹೇಳಿಕೊಡುವ ಸಹಾಯವೂ ಬೇಡ. ಕಾಯಿರಿ, ಸಾಕು.