ಎದುರು ಮನೆಯ ಅಜ್ಜ ಅಜ್ಜಿ

ಮಕ್ಕಳು ದೊಡ್ಡವರಾಗಿ, ನೌಕರಿ ಮುಗಿದು, ಕೈಗೆ ಕೆಲಸವಿಲ್ಲದೆ ಕುಳಿತ ಹಿರಿಯರನ್ನು ನಾವು ದಿನಾಲು ಕಾಣುತ್ತೇವೆ. ನಮ್ಮ ಕುರನೂರಿನಲ್ಲಿ ಅವರು ಬೆಳಿಗ್ಗೆ ಗುಡಿಯ ಕಟ್ಟೆಗೆ ಬರುತ್ತಾರೆ. ಬೋರಿ ನದಿಯ ಆಣೆಕಟ್ಟಿನಲ್ಲಿ ನೀರು ಎಷ್ಟು ನಿಂತಿದೆಯೆಂದು ಮಾತಾಡುತ್ತಾರೆ. ಬಿಸಿಲೇರಿದಾಗ ಮನೆಗೆ ಮರಳುತ್ತಾರೆ. ಇನ್ನು ಕೆಲವರು ಮೊಮ್ಮಕ್ಕಳನ್ನು ಆಡಿಸಲು ಪುಣೆಗೋ ಬೆಂಗಳೂರಿಗೋ ಹೋಗುತ್ತಾರೆ. ನಮ್ಮ ತಂದೆತಾಯಿಗಳು ಈ ಎರಡನೆಯ ಗುಂಪಿಗೆ ಸೇರಿದವರು. ತಂದೆಯವರು ಮೂವತ್ತಾರು ವರ್ಷ ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದವರು. ತಮ್ಮನಿಗೆ ಮಗಳು ಹುಟ್ಟಿದ ಮೇಲೆ ಇಬ್ಬರೂ ಬೆಂಗಳೂರು ಸೇರಿದರು. ಹಿರಿಯರಿಗೆ ಮೊಮ್ಮಗಳ ಸಂಗ, ತಮ್ಮನಿಗೆ ನಿಶ್ಚಿಂತೆ, ನಮಗೂ ಒಂದು ಹೊಣೆ ಕಡಿಮೆ ಎಂದು ನಾವು ಸಮಾಧಾನಪಟ್ಟಿದ್ದೆವು. ಆ ಸಮಾಧಾನದಲ್ಲಿ ಸ್ವಾರ್ಥವೆಷ್ಟಿತ್ತೆಂಬುದು ಒಂದು ದೀಪಾವಳಿಯ ಸೂಟಿಯಲ್ಲಿ ನಮಗೆ ತಿಳಿಯಿತು.

ಆ ಸೂಟಿಯಲ್ಲಿ ನಾವು ಸೊಲ್ಲಾಪುರದಲ್ಲಿ ರೈಲು ಹತ್ತಿ ತಮ್ಮನ ಮನೆಗೆ ಹೋಗಿದ್ದೆವು. ಅವನ ಮನೆಯ ಎದುರು ಬಾಗಿಲಿನಲ್ಲಿ ಅಮೇರಿಕೆಯ ಯೂಟಾ ಪ್ರಾಂತದ ವೃದ್ಧ ದಂಪತಿಗಳು ಬಾಡಿಗೆಗಿದ್ದರು. ಅಜ್ಜನಿಗೆ ಎಪ್ಪತ್ತು ವರ್ಷ, ಅಜ್ಜಿಗೆ ಅರವತ್ತೆಂಟು. ಜನರು ಮಾರ್ಮನ್ ಎಂದು ಕರೆಯುವ, 1830ರಲ್ಲಿ ಅಮೇರಿಕೆಯಲ್ಲಿ ಹುಟ್ಟಿದ ಕ್ರೈಸ್ತ ಸಭೆಗೆ ಸೇರಿದವರು. ಆ ಸಭೆಯ ತರುಣ ತರುಣಿಯರು ಒಂದೂವರೆ ಎರಡು ವರ್ಷ ಮಿಶನ್ ಸೇವೆಗಾಗಿ ಮನೆ ಬಿಟ್ಟು ಹೋಗುವದು ಹಲವರಿಗೆ ಗೊತ್ತು. ಮಕ್ಕಳ ಹೊಣೆ ತೀರಿದ ಗಂಡಹೆಂಡಿರೂ ಹಾಗೆ ಹೋಗಬಹುದೆಂಬುದು ನಮಗೆ ಹೊಸ ಸಂಗತಿಯಾಗಿತ್ತು. ಅವರಿಗೆ ಸಂಬಳವಿಲ್ಲ. ಮನೆಯ ಬಾಡಿಗೆ, ಊಟದ ವೆಚ್ಚ, ಎಲ್ಲವೂ ತಮ್ಮ ಉಳಿತಾಯದಿಂದಲೇ. ಬೆಂಗಳೂರಿನಲ್ಲಿ ಈ ಸಭೆಯ ಮಿಶನ್ ಸ್ಥಾಪನೆಯಾದದ್ದು 1993ರಲ್ಲಿ. ಈ ಇಬ್ಬರ ಅವಧಿ ಹದಿನೆಂಟು ತಿಂಗಳು.

ಧರ್ಮಸೇವೆಯೆಂದರೆ ಪ್ರವಚನ, ಭಜನೆ ಎಂದು ನಾವು ಎಣಿಸಿದ್ದೆವು. ಅವರ ದಿನಚರಿಯಲ್ಲಿ ಅಂಥದು ಬಹಳ ಕಾಣಲಿಲ್ಲ. ಬೆಳಿಗ್ಗೆ ಎದ್ದು ಇಬ್ಬರೂ ಕೂಡಿ ಪ್ರಾರ್ಥನೆ, ಗ್ರಂಥಪಠಣ. ಬಳಿಕ ಕುಡಿಯುವ ನೀರನ್ನು ಕಾಸಿ ಆರಿಸಿ ಬಾಟಲಿಗಳಲ್ಲಿ ತುಂಬುವದು. ಆಮೇಲೆ ಅಂಗಿಗೆ ಹೆಸರಿನ ಕಪ್ಪು ಬಿಲ್ಲೆ ಸಿಕ್ಕಿಸಿಕೊಂಡು ಕಚೇರಿಗೆ ಹೊರಡುವದು. ಅಲ್ಲಿ ಅಜ್ಜಿ ಲೆಕ್ಕಪತ್ರ ನೋಡುವಳು. ಅಜ್ಜ ತರುಣ ಮಿಶನರಿಗಳು ಇರುವ ಮನೆಗಳಿಗೆ ಹೋಗಿ ಒಲೆ ಸರಿಯಾಗಿದೆಯೇ, ನೀರು ಶುದ್ಧವಿದೆಯೇ, ಜ್ವರ ಬಂದ ಹುಡುಗ ಔಷಧ ತೆಗೆದುಕೊಂಡನೇ ಎಂದು ವಿಚಾರಿಸುವನು. ಸಂಜೆ ಇಬ್ಬರೂ ಕೈಕೈ ಹಿಡಿದು, ರಸ್ತೆ ದಾಟಲು ಹೆದರುತ್ತ ಹೆದರುತ್ತ ತರಕಾರಿ ತರುವರು. ರವಿವಾರ ಎರಡು ತಾಸು ಸಭೆಯ ಪ್ರಾರ್ಥನೆ. ಸೋಮವಾರ ಸಂಜೆ ಮನೆಮಂದಿಗೆಂದು ಮೀಸಲು. ಇಲ್ಲಿ ಸಂಜೆಯಾದಾಗ ಅಲ್ಲಿ ಬೆಳಗು. ಫೋನಿನಲ್ಲಿ ಮೊಮ್ಮಕ್ಕಳ ಮುಖ ನೋಡಿ ಮಾತಾಡುವರು. ಏಳನೆಯ ಮೊಮ್ಮಗು ಹುಟ್ಟಿದ್ದು ಅವರು ಇಲ್ಲಿಗೆ ಬಂದ ಮೇಲೆ. ಅದನ್ನು ಅವರು ಇನ್ನೂ ಎತ್ತಿಕೊಂಡಿರಲಿಲ್ಲ.

ನಮ್ಮ ತಾಯಿಯವರಿಗೂ ಅವರಿಗೂ ಮೊದಲ ಪರಿಚಯ ಕೆಟ್ಟಿತು. ಮನೆಗೆ ಬಂದವರಿಗೆ ತಾಯಿಯವರು ಚಹಾ ಕೊಟ್ಟರು. ಇಬ್ಬರೂ ಕೈ ಜೋಡಿಸಿ ಬೇಡವೆಂದರು. "ಮನಿಗೆ ಬಂದವರು ಚಾ ಒಲ್ಲೆ ಅಂದರ ಏನ ತಿಳಕೋಬೇಕು?" ಎಂದು ತಾಯಿಯವರು ಒಳಗೆ ಹೋಗಿ ಮುನಿಸಿಕೊಂಡರು. ಚಹಾ, ಕಾಫಿ, ಹೆಂಡ, ತಂಬಾಕು ಇವು ನಾಲ್ಕೂ ಅವರಿಗೆ ವರ್ಜ್ಯ. 1833ರಿಂದ ಬಂದ ನೇಮವದು. ತಮ್ಮನು ವಿವರಿಸಿ ಹೇಳಿದ ಮೇಲೆ ಮಜ್ಜಿಗೆ ಬಂತು. ತಿಂಗಳ ಮೊದಲನೆಯ ರವಿವಾರ ಎರಡು ಹೊತ್ತು ಉಪವಾಸವಿದ್ದು, ಆ ಊಟದ ದುಡ್ಡನ್ನು ಬಡವರಿಗೆ ಕೊಡುತ್ತಾರೆಂದು ತಿಳಿದಾಗ ಶ್ರಾವಣ ಸೋಮವಾರ ಹಿಡಿಯುವ ನಮ್ಮ ತಾಯಿಯವರ ಮನಸ್ಸು ಪೂರ್ತಿ ತಿಳಿಯಾಯಿತು. ಅಜ್ಜಿಯ ಬಿಲ್ಲೆಯ ಮೇಲೆ 'ಸಿಸ್ಟರ್' ಎಂದಿತ್ತು. "ದವಾಖಾನಿಯವರೇನ?" ಎಂದು ತಾಯಿಯವರು ಕೇಳಿದರು. ಅಲ್ಲ, ಅಕ್ಕ ಎಂದರ್ಥ ಎಂದೆವು. ಅಂದಿನಿಂದ ಅವರು ಆಕೆಯನ್ನು "ಅಕ್ಕಾ" ಎಂದೇ ಕರೆದರು. ಇವರಿಗೆ ಇಂಗ್ಲಿಷ್ ಬಾರದು, ಆಕೆಗೆ ಕನ್ನಡ ಬಾರದು. ಆದರೂ ಇಬ್ಬರೂ ಕೂಡಿ ಜೋಳದ ರೊಟ್ಟಿ ಬಡಿದರು. ಆಕೆಯ ರೊಟ್ಟಿ ನಾಲ್ಕು ಮೂಲೆಯದಾಯಿತು.

ಅಜ್ಜನು ನಮ್ಮ ತಂದೆಯವರ ವಿದ್ಯಾರ್ಥಿಯಾದನು. ಬಸ್ಸಿನ ಹಲಗೆಯನ್ನು ತಾನೇ ಓದಬೇಕೆಂಬುದು ಅವನ ಆಸೆ. ತಂದೆಯವರು ತಟ್ಟೆಯಲ್ಲಿ ಅಕ್ಕಿ ಹರಡಿ, ಅವನ ತೋರುಬೆರಳು ಹಿಡಿದು, 'ಅ' ತೀಡಿಸಿದರು. 'ಲ'ಕ್ಕೂ 'ಳ'ಕ್ಕೂ ಭೇದ ತಿಳಿಯಲು ಅವನಿಗೆ ನಾಲ್ಕು ದಿನ ಹಿಡಿಯಿತು. ತಂದೆಯವರು ಬೇಸರಿಸಲಿಲ್ಲ. ನಾವು ಶಿಕ್ಷಕ ತರಬೇತಿಯಲ್ಲಿ ಕಲಿತ ಪಾಠಕ್ರಮಗಳೆಲ್ಲ ಆ ತಟ್ಟೆಯ ಮುಂದೆ ಸಣ್ಣವಾಗಿ ಕಂಡವು. ಅದಕ್ಕಿಂತ ಮುಖ್ಯವಾಗಿ, ಎಷ್ಟೋ ದಿನಗಳಿಂದ ಬಾಡಿದ್ದ ತಂದೆಯವರ ಮುಖದಲ್ಲಿ ನಾವು ಹಳೆಯ ಗುರುಜಿಯನ್ನು ಕಂಡೆವು. ಅವರು ಹೀಗೆ ಬಾಡಿದ್ದಾರೆಂಬುದನ್ನು ಅಲ್ಲಿಯವರೆಗೆ ನಾವು ಗಮನಿಸಿರಲೇ ಇಲ್ಲ.

ತಾಯಿಯವರು ಬೇರೊಂದನ್ನು ಗಮನಿಸಿದ್ದರು. ಊಟವಾದ ಮೇಲೆ ಎದುರು ಮನೆಯಲ್ಲಿ ಪಾತ್ರೆ ತಿಕ್ಕುವವನು ಅಜ್ಜ, ಒರೆಸಿಡುವವಳು ಅಜ್ಜಿ. "ಅವರು ಇಬ್ಬರೂ ಕೂಡೇ ಹೋಗತಾರ, ಕೂಡೇ ಬರತಾರ, ಕೂಡೇ ಭಾಂಡೆ ತಿಕ್ಕತಾರ" ಎಂದು ಅವರು ತಂದೆಯವರಿಗೆ ಕೇಳುವಂತೆಯೇ ನಮಗೆ ಹೇಳಿದರು.

ನಾವು ಊರಿಗೆ ಹೊರಡುವ ಹಿಂದಿನ ರಾತ್ರಿ ತಂದೆಯವರು ಮಾತು ತೆಗೆದರು. "ಅವರು ಮೊಮ್ಮಕ್ಕಳನ್ನ ಬಿಟ್ಟು ಸಮುದ್ರ ದಾಟಿ ಬಂದಾರ. ನನ್ನ ಸಾಲಿ ನನ್ನ ಊರಾಗ ಐತಿ, ನಾ ಇಲ್ಲಿ ಕುಂತೀನಿ."

ತಮ್ಮನ ಹೆಂಡತಿ ತಲೆ ತಗ್ಗಿಸಿದಳು. "ಮಾವಾ, ಕೂಸಿನ ಗತಿ ಏನ್ರಿ?" ಎಂದು ಮೆಲ್ಲಗೆ ಕೇಳಿದಳು. ಆ ಪ್ರಶ್ನೆ ಅನ್ಯಾಯದ್ದಾಗಿರಲಿಲ್ಲ. ಮೊಮ್ಮಗಳನ್ನು ಬೆಳೆಸುವದೂ ಸೇವೆಯೇ. ಅದನ್ನು ಕೀಳೆನ್ನುವ ಧೈರ್ಯ ನಮಗಿಲ್ಲ. ಆದರೆ ಎದುರು ಮನೆಯವರ ಸೇವೆಗೆ ಒಂದು ಅವಧಿಯಿತ್ತು, ಅದನ್ನು ಅವರು ತಾವಾಗಿ ಕೇಳಿ ಪಡೆದಿದ್ದರು. ನಮ್ಮ ಹಿರಿಯರಿಗೆ ನಾವು ಅವಧಿಯನ್ನು ಹೇಳಿರಲಿಲ್ಲ, ಇಷ್ಟವನ್ನು ಕೇಳಿರಲಿಲ್ಲ.

ತಾಯಿಯವರು ಅಂದರು: "ನೀವು ಸಾಲಿಗೆ ಹೋದರ ನಾ ಒಬ್ಬಾಕಿ ಒಲಿ ಮುಂದ ಕೂಡಬೇಕೇನು? ಹೋದರ ಇಬ್ಬರೂ ಹೋಗೂಣು."

ಕೊನೆಗೆ ಹೀಗೆ ತೀರ್ಮಾನವಾಯಿತು: ಜೂನದಿಂದ ದೀಪಾವಳಿಯವರೆಗೆ ಕುರನೂರು, ಆಮೇಲೆ ಬೇಸಿಗೆ ಮುಗಿಯುವವರೆಗೆ ಬೆಂಗಳೂರು. ಕೂಸಿಗೆ ಆ ತಿಂಗಳುಗಳಲ್ಲಿ ಶಿಶುವಿಹಾರ. ತಂದೆಯವರ ಸಕ್ಕರೆ ರೋಗದ ಗುಳಿಗೆಯ ಲೆಕ್ಕ ನಮ್ಮ ಪಾಲಿಗೆ ಬಂತು. ನಾವು ಕಳಚಿಕೊಂಡೆವೆಂದು ತಿಳಿದಿದ್ದ ಹೊಣೆ ಹೀಗೆ ಮರಳಿ ಹೆಗಲಿಗೇರಿತು.

ಈಗ ಮುಖ್ಯಾಧ್ಯಾಪಕರ ಒಪ್ಪಿಗೆಯಿಂದ ತಂದೆಯವರು ದಿನಾಲು ಒಂದು ತಾಸು ನಮ್ಮ ಶಾಲೆಯ ಹಿಂದುಳಿದ ಮಕ್ಕಳಿಗೆ ಓದು ಕಲಿಸುತ್ತಾರೆ. ಗಡಿಯ ಊರಿನ ಶಿಕ್ಷಕರಾದ ವಾಚಕರಿಗೆ ಈ ಕಷ್ಟ ಹೊಸದಲ್ಲ: ಮನೆಯ ಮಾತು ಕನ್ನಡ, ಅಂಗಡಿಯ ಹಲಗೆ ಮರಾಠಿ, ಮಗು ಎರಡು ಲಿಪಿಗಳ ನಡುವೆ ತಡವರಿಸುತ್ತದೆ. ತಾಯಿಯವರು ಅದೇ ಹೊತ್ತಿಗೆ ಅಂಗನವಾಡಿಯ ಮಕ್ಕಳ ನಡುವೆ ಕುಳಿತು ಕತೆ ಹೇಳುತ್ತಾರೆ. ಮಧ್ಯಾಹ್ನ ಇಬ್ಬರೂ ಕೂಡಿ ಮನೆಗೆ ಬರುತ್ತಾರೆ. ತಂದೆಯವರು ಪಾತ್ರೆ ತಿಕ್ಕುವದನ್ನು ಇನ್ನೂ ಕಲಿತಿಲ್ಲ; ತಮ್ಮ ತಾಟನ್ನಷ್ಟು ತೊಳೆದಿಡುತ್ತಾರೆ.

ಎದುರು ಮನೆಯವರ ಅವಧಿ ಮುಗಿದು ಅವರು ತಮ್ಮ ದೇಶಕ್ಕೆ ಮರಳಿದರು. ಹೋಗುವಾಗ ಅಜ್ಜನು ಒಂದು ಹಾಳೆಯ ಮೇಲೆ 'ಬೆಂಗಳೂರು' ಎಂದು ತಾನೇ ಬರೆದು ಕೊಟ್ಟನು; ಅಕ್ಷರಗಳು ಸೊಟ್ಟ, ಆದರೆ 'ಳ' ಸರಿಯಾಗಿದೆ. ಅದು ಈಗ ನಮ್ಮ ವರ್ಗದ ಗೋಡೆಯ ಮೇಲಿದೆ. ಓದಲಾರೆನೆಂದು ಅಳುವ ಹುಡುಗನಿಗೆ ತಂದೆಯವರು ಅದನ್ನು ತೋರಿಸುತ್ತಾರೆ: "ಎಪ್ಪತ್ತು ವರ್ಷದ ಮುದುಕ ಕಲತಾನಲೋ, ನಿನಗೇನಾಗೇತಿ?"

ಸಂಜೆ ಬೆಂಗಳೂರಿನಿಂದ ಫೋನು ಬರುತ್ತದೆ. "ಅಜ್ಜಾ, ಯಾವಾಗ ಬರತಿ?" ಎಂದು ಮೊಮ್ಮಗಳು ಕೇಳುತ್ತಾಳೆ. ತಂದೆಯವರು ಬೆರಳು ಮಡಿಚಿ ತಿಂಗಳು ಎಣಿಸಿ ಹೇಳುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಅವರು ಯಾರೊಡನೆಯೂ ಮಾತಾಡುವದಿಲ್ಲ.