ಕೆಳಗಿನ ಮೆಟ್ಟಿಲು

ನಮ್ಮ ದೇಶದಲ್ಲಿ ಬಿಟ್ಟಿಯಾಗಿ ಸಿಗುವ ಪದಾರ್ಥಗಳಲ್ಲಿ ಸಲಹೆಗೆ ಮೊದಲ ಸ್ಥಾನ. ಅದರಲ್ಲಿಯೂ ಮೇಷ್ಟರ ಮನೆಯಲ್ಲಿ ಅದು ಕೇಳುವುದಕ್ಕೆ ಮುಂಚೆಯೇ ದೊರೆಯುತ್ತದೆ. ಎದುರಾಡದ ಅರವತ್ತು ಜನರ ಮುಂದೆ ದಿನಕ್ಕೆ ನಾಲ್ಕು ಪೀರಿಯಡ್ಡು ಮಾತನಾಡಿ ಅಭ್ಯಾಸವಾದವನಿಗೆ, ತನಗೆ ಗೊತ್ತಿಲ್ಲದ ವಿಷಯವೂ ಒಂದಿರಬಹುದೆಂಬ ಅನುಮಾನ ಹುಟ್ಟುವುದು ಕಷ್ಟ. ಆದ್ದರಿಂದ ನಮ್ಮಕ್ಕನ ಮಗಳು ಚೈತ್ರ ಕಳೆದ ವರ್ಷ ಬೇಸಗೆಯಲ್ಲಿ ಹಾಸನದಿಂದ ಬಂದು, "ಮಾವ, ಎರಡು ಕೆಲಸ ಬಂದಿದೆ; ಯಾವುದಕ್ಕೆ ಸೇರಲಿ?" ಎಂದು ಕೇಳಿದಾಗ, ಅವಳು ಚೀಲ ಕೆಳಗಿಡುವುದರೊಳಗಾಗಿ ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ.

ಸಂಗತಿ ಇಷ್ಟು. ಚೈತ್ರ ಮೆಡಿಕಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿದ್ದಳು. ಭಾವನವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಓದಿಗಾಗಿ ಬ್ಯಾಂಕಿನಲ್ಲಿ ಮಾಡಿದ ಸಾಲದ ಕಂತು ಆಗಸ್ಟಿನಿಂದ ಶುರುವಾಗಬೇಕು. ಬಂದ ಕೆಲಸಗಳಲ್ಲಿ ಒಂದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯದು. ರಾತ್ರಿ ಪಾಳಿಯಲ್ಲಿ ಕುಳಿತು ದೂರದೇಶದ ಗಿರಾಕಿಗಳ ದೂರಿಗೆ ಉತ್ತರ ಕೊಡುವುದು. ಇನ್ನೊಂದು, ಅದೇ ಊರಿನ ಹೊರವಲಯದ ಒಂದು ಕಾರ್ಖಾನೆಯದು. ಅಲ್ಲಿ ಇಂಜೆಕ್ಷನ್ ಸೂಜಿ, ಗ್ಲೂಕೋಸ್ ಏರಿಸುವ ನಳಿಕೆ, ಕೈಯ ನರಕ್ಕೆ ಚುಚ್ಚುವ ಕ್ಯಾನುಲಾ ಮೊದಲಾದವನ್ನು ತಯಾರಿಸುತ್ತಾರೆ. ಅವಳಿಗೆ ತಪಾಸಣೆಯ ವಿಭಾಗದಲ್ಲಿ ತೀರ ಕೆಳಗಿನ ಹುದ್ದೆ. ಸಾಫ್ಟ್‌ವೇರಿನವರ ಸಂಬಳ ಇದರ ಒಂದೂವರೆಯಷ್ಟು.

"ಇದರಲ್ಲಿ ಕೇಳುವುದೇನಿದೆ?" ಎಂದೆ. "ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಸೂಜಿ ಎಣಿಸುತ್ತ ಕೂರುತ್ತೀಯಾ? ಆ ಕೆಲಸದಲ್ಲಿ ಮುಂದೆ ಏನಿದೆ?"

ಮುಂದೆ ಏನಿದೆ ಎಂಬ ಮಾತು ನನ್ನ ಬಾಯಿಗೆ ಅಷ್ಟು ಬೇಗ ಬಂದದ್ದಕ್ಕೆ ಕಾರಣವುಂಟು. ನಾನು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕನಾಗಿ ಸೇರಿ ಹತ್ತೊಂಬತ್ತು ವರ್ಷಗಳಾದುವು. ಇಷ್ಟು ಕಾಲದಲ್ಲಿ ನನಗೆ ದೊರೆತ ಬಡ್ತಿಯೆಂದರೆ ಸ್ಟಾಫ್ ರೂಮಿನಲ್ಲಿ ಬಾಗಿಲ ಬಳಿಯ ಕುರ್ಚಿಯಿಂದ ಕಿಟಕಿಯ ಬಳಿಯ ಕುರ್ಚಿಗೆ. ನಮಗೆ ಮೇಲೆ ಇರುವುದು ಒಂದೇ ಮೆಟ್ಟಿಲು, ಪ್ರಿನ್ಸಿಪಾಲರದು. ಅದರ ಮುಂದೆ ಜ್ಯೇಷ್ಠತೆಯ ಪಟ್ಟಿ ಹಿಡಿದು ನಿಂತವರ ಸಾಲು ಉದ್ದವಾಗಿದೆ. ಪಾಠ ಚೆನ್ನಾಗಿ ಹೇಳಿದರೆ ಸಾಲು ಮುಂದೆ ಸರಿಯುವುದಿಲ್ಲ. ಹೇಳದಿದ್ದರೆ ನಾವು ಹಿಂದೆ ಸರಿಯುವುದಿಲ್ಲ. ಆದ್ದರಿಂದ ಯಾರ ಕೆಲಸದ ಮಾತು ಬಂದರೂ ನನ್ನ ಕಣ್ಣು ಮೊದಲು ಹೋಗುವುದು ಏಣಿಯ ತುದಿಗೆ. ಹುಡುಗಿ ಕೇಳಿದ್ದು ತನ್ನ ಕೆಲಸದ ವಿಚಾರ. ನಾನು ಉತ್ತರ ಕೊಟ್ಟದ್ದು ನನ್ನ ಕೆಲಸದ ವಿಚಾರ. ಅದು ಆಗ ಹೊಳೆಯಲಿಲ್ಲ.

ಚೈತ್ರ ವಾದಿಸುವವಳಲ್ಲ. ಊಟವಾದ ಮೇಲೆ, ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮ ತಾಯಿಯವರ ಪಕ್ಕದಲ್ಲಿ ಕುಳಿತು, ತಾನು ಕಾರ್ಖಾನೆ ನೋಡಿಬಂದದ್ದನ್ನು ವರ್ಣಿಸತೊಡಗಿದಳು. ನಳಿಕೆ ಜೋಡಿಸುವ ಕೋಣೆಗೆ ಕಾಲಿಡುವ ಮುನ್ನ ಬಳೆ, ಓಲೆ, ಉಂಗುರ ತೆಗೆದಿಡಬೇಕು, ಪೌಡರ್ ಹಚ್ಚಿರಬಾರದು, ಕುಂಕುಮ ಇಟ್ಟಿರಬಾರದು, ತಲೆಯಿಂದ ಕಾಲಿನವರೆಗೆ ನಿಲುವಂಗಿ, ಬಾಯಿಗೆ ಮಾಸ್ಕು, ಕೈಗೆ ಗವಸು.

"ಕುಂಕುಮವೂ ಕೂಡದೇನೇ?" ಎಂದು ಅಮ್ಮ ಗಾಬರಿಯಾದರು.

"ಒಳಗಿರುವಷ್ಟು ಹೊತ್ತು ಮಾತ್ರ ಅಜ್ಜಿ. ಆ ಕೋಣೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನು ಮತ್ತು ಅದಕ್ಕಿಂತ ದೊಡ್ಡ ಕಣಗಳು 3,52,000 ಮೀರಬಾರದು."

"ಮೂರೂವರೆ ಲಕ್ಷ ಧೂಳು ಇಟ್ಟುಕೊಂಡು ಅದಕ್ಕೆ ಮಡಿ ಅನ್ನುತ್ತಾರೆಯೇ!"

"ನಮ್ಮ ಈ ಹಜಾರದಲ್ಲಿ ಅದರ ಎಷ್ಟೋ ಪಾಲು ಹೆಚ್ಚಿರುತ್ತೆ ಅಜ್ಜಿ."

ಅಮ್ಮ ನನ್ನ ಹೆಂಡತಿಯ ಕಡೆ ನೋಡಿದರು. ಅಂದು ಗುಡಿಸಿದವನು ನಾನು; ಸುಮ್ಮನಿದ್ದೆ.

ಅವಳ ಕೆಲಸವೆಂದರೆ, ಕ್ಯಾನುಲಾದ ತುದಿಯನ್ನು ಭೂತಗನ್ನಡಿಯ ಕೆಳಗಿಟ್ಟು ನೋಡುವುದು: ಮೊಂಡಾಗಿದೆಯೆ, ಸಿಬಿರು ಎದ್ದಿದೆಯೆ, ಪೊಟ್ಟಣದ ಅಂಚಿನ ಬೆಸುಗೆ ಎಲ್ಲಾದರೂ ಬಿಟ್ಟಿದೆಯೆ ಎಂದು. ಎಥಿಲೀನ್ ಆಕ್ಸೈಡ್ ಅನಿಲದಿಂದ ಕ್ರಿಮಿಗಳನ್ನೆಲ್ಲ ಕೊಂದರೂ, ಬೆಸುಗೆ ಕೂದಲೆಳೆಯಷ್ಟು ಬಿಟ್ಟರೆ ಅವು ಮತ್ತೆ ಒಳಗೆ ನುಗ್ಗುತ್ತವೆ. ನೋಡಿದ್ದನ್ನೆಲ್ಲ ದಾಖಲೆಯಲ್ಲಿ ಬರೆಯಬೇಕು. ಬರೆಯದೆ ಮಾಡಿದ ಕೆಲಸ ಮಾಡಿದ್ದಲ್ಲವೆಂದೇ ಅಲ್ಲಿಯ ಲೆಕ್ಕ.

"ತಪ್ಪು ಬರೆದರೆ ಅಳಿಸುವ ಹಾಗಿಲ್ಲ ಮಾವ, ವೈಟ್ನರ್ ಬಳಿಯುವ ಹಾಗಿಲ್ಲ. ಒಂದೇ ಒಂದು ಗೆರೆ ಎಳೆದು, ಕೆಳಗಿರುವುದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ತಾರೀಖು ಹಾಕಬೇಕು."

ಇಲ್ಲಿ ನಾನು ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿಟ್ಟೆ. ಎಂ.ಎ. ತರಗತಿಯಲ್ಲಿ ನಮಗೆ ಗ್ರಂಥಸಂಪಾದನೆಯ ಪಾಠವಿತ್ತು. ಓಲೆಗರಿಯ ಪ್ರತಿಯಲ್ಲಿ ತಪ್ಪೆಂದು ಕಂಡ ಪಾಠವನ್ನೂ ಸಂಪಾದಕ ಮುಚ್ಚಿಹಾಕಬಾರದು. ಅಡಿಟಿಪ್ಪಣಿಯಲ್ಲಿ ಪಾಠಾಂತರವಾಗಿ ಕೊಡಬೇಕು. ಏನಿತ್ತು, ಏನಾಯಿತು ಎರಡೂ ಮುಂದೆ ಬರುವವನಿಗೆ ಕಾಣಬೇಕು ಎಂದು ನಮ್ಮ ಮೇಷ್ಟರು ಒತ್ತಿ ಹೇಳುತ್ತಿದ್ದರು. ಸೂಜಿ ಎಣಿಸುವುದೆಂದು ನಾನು ಹಳಿದ ಕೆಲಸ ನಮ್ಮ ಕಸುಬಿನ ದಾಯಾದಿಯೇ ಆಗಿತ್ತು. ಆಗ ನಾನು ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಕೇಳಲು ಆರಂಭಿಸಿದೆ. ಅವಳು ಕಾಗದ ತೆಗೆದುಕೊಂಡು ಎರಡು ಅಂಕಣ ಮಾಡಿದಳು.

ಬಲಗಡೆ ಆಸೆಯ ಅಂಕಣ. ನಮ್ಮಲ್ಲಿ ಬಹುಕಾಲ ಕೆಲವೇ ಬಗೆಯ ವೈದ್ಯಕೀಯ ಸಾಧನಗಳು ಕಾನೂನಿನ ಕಣ್ಣಿಗೆ ಬೀಳುತ್ತಿದ್ದುವು. 2017ರಲ್ಲಿ ಹೊಸ ನಿಯಮಗಳು ಬಂದು 2018ರ ಜನವರಿಯಿಂದ ಜಾರಿಯಾದುವು. ಅಪಾಯದ ಪ್ರಮಾಣ ನೋಡಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ: ಇಂಜೆಕ್ಷನ್ ಸೂಜಿ ಬಿ ವರ್ಗ, ವೆಂಟಿಲೇಟರ್ ಸಿ ವರ್ಗ, ಹೃದಯದ ಕವಾಟ ಡಿ ವರ್ಗ. 2020ರ ಏಪ್ರಿಲಿನಿಂದ ಎಲ್ಲ ಸಾಧನಗಳೂ ಈ ನಿಯಮಗಳ ತೆಕ್ಕೆಗೆ ಬಂದುವು. ಮೊದಲೆರಡು ವರ್ಗಗಳು 2022ರ ಅಕ್ಟೋಬರಿನಿಂದ, ಕೊನೆಯೆರಡು 2023ರ ಅಕ್ಟೋಬರಿನಿಂದ ಪರವಾನಗಿಯ ಕಟ್ಟಿಗೆ ಬಂದುವು. ಎಂದರೆ ದಾಖಲೆಯನ್ನು ಬಲ್ಲವರು ಈಗ ಎಲ್ಲ ಕಾರ್ಖಾನೆಗೂ ಬೇಕು. ಆಸ್ಪತ್ರೆಯ ದೂರು ಬಂದರೆ ಮೂಲ ಹುಡುಕುವವರು, ಪರವಾನಗಿಯ ಕಡತ ಕಟ್ಟುವವರು, ಸರಕು ಒದಗಿಸುವವರನ್ನು ತನಿಖೆ ಮಾಡುವವರು, ಎಲ್ಲರೂ ಕಲಿಯಬೇಕಾದದ್ದು ಈ ತಪಾಸಣೆಯ ಮೇಜಿನ ಮೇಲೆಯೇ. ಗುಣಮಟ್ಟದ ಕ್ರಮಕ್ಕೆ ಐಎಸ್ಒ 13485 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಸೂಜಿಯ ಕಾರ್ಖಾನೆಯಲ್ಲಿ ಅದನ್ನು ಅರಗಿಸಿಕೊಂಡವರಿಗೆ ವೆಂಟಿಲೇಟರಿನ ಕಾರ್ಖಾನೆ ಪರದೇಶವಲ್ಲ.

ಎಡಗಡೆ ಅಂಜಿಕೆಯ ಅಂಕಣ. ಹತ್ತು ವರ್ಷ ಬರಿಯ ಕಣ್ಣಿನ ಕೆಲಸವನ್ನೇ ಮಾಡಿಸಿದರೆ? ಅದನ್ನು ಕ್ಯಾಮೆರಾ ಮಾಡುವ ಕಾಲ ಬಂದಿದೆ. ಸಂಬಳ ಕಡಮೆ. ಕಂತು ಕಾಯುವುದಿಲ್ಲ.

ಬಿಇಎಲ್ಲಿಗೆ 2020ರಲ್ಲಿ 30,000 ವೆಂಟಿಲೇಟರುಗಳ ಬೇಡಿಕೆ ಬಂದದ್ದನ್ನು ಓದಿದ್ದ ನಾನು, ಕೆಲಸವೆಂದರೆ ಅದು ಎಂದು ಮೂಗು ತೂರಿಸಿದೆ. ಅವಳು ಒಪ್ಪಲಿಲ್ಲ. ಮುಂದೆ ಮಣಿಪಾಲದ ಕುಲಪತಿಗಳಾದ ಡಾ. ವಲಿಯತ್ತಾನ್ ಅವರು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿದ್ದಾಗ ಹೃದಯದ ಕವಾಟ ಮಾಡಿಸಿದ ಕಥೆ ಹೇಳಿದಳು. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತುವು. ನಾಲ್ಕನೆಯದು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯ ಎದೆ ಸೇರಿತು. "ಮಾಡಿದವರ ಹೆಸರು ಉಳಿಯುತ್ತೆ ಮಾವ. ಇದು ಆಗದು ಅಂತ ಮೂರು ಸಲ ಬರೆದವರೂ ಇರಬೇಕಲ್ಲ?"

ಅಷ್ಟರಲ್ಲಿ ಅಮ್ಮ ತಮ್ಮ ಎಲೆಯಡಿಕೆ ಸಂಚಿಯಿಂದ ಒಂದು ಚೀಟಿ ತೆಗೆದರು. 2019ರಲ್ಲಿ ಅವರಿಗೆ ಪೇಸ್‌ಮೇಕರ್ ಹಾಕಿದಾಗ ಆಸ್ಪತ್ರೆಯವರು ಕೊಟ್ಟದ್ದು. ಅದರ ಮೇಲೆ ಯಂತ್ರದ ನಂಬರಿತ್ತು.

"ಇದನ್ನೂ ಹೀಗೆ ಯಾರೋ ನೋಡಿ ಬರೆದಿರುತ್ತಾರೇನೇ?"

"ಹೂಂ ಅಜ್ಜಿ. ಈ ನಂಬರು ಹಿಡಿದು ಹೋದರೆ, ಯಾವ ದಿನ ಯಾರು ಪರೀಕ್ಷಿಸಿದರು ಅನ್ನುವುದು ಕಾರ್ಖಾನೆಯ ದಾಖಲೆಯಲ್ಲಿರುತ್ತೆ."

ಅಮ್ಮ ಚೀಟಿಯನ್ನು ಮಡಿಸಿ ಒಳಗಿಟ್ಟರು. "ಪಾಪ, ಅವರಿಗೆ ಬಡ್ತಿ ಸಿಕ್ಕಿತೋ ಇಲ್ಲವೋ" ಎಂದರು.

ಇದು ತಮಾಷೆಯ ಮಾತಲ್ಲ. ಕೆಲಸ ದೊಡ್ಡದೆಂದ ಮಾತ್ರಕ್ಕೆ ಅದನ್ನು ಮಾಡುವವರ ಸಂಬಳ ಬೆಳೆಯುವುದಿಲ್ಲ. ಈ ಸತ್ಯವನ್ನು ಮೇಷ್ಟರಿಗೆ ಯಾರೂ ಕಲಿಸಬೇಕಾಗಿಲ್ಲ. ಆದ್ದರಿಂದ ಕಾರ್ಖಾನೆಯವರನ್ನು ಎರಡು ಪ್ರಶ್ನೆ ಕೇಳೆಂದು ಅವಳಿಗೆ ಹೇಳಿದೆ. ಮೂರು ವರ್ಷದ ಹಿಂದೆ ಈ ಮೇಜಿನಲ್ಲಿ ಕುಳಿತಿದ್ದವರು ಈಗ ಎಲ್ಲಿದ್ದಾರೆ? ಎಷ್ಟು ತಿಂಗಳಾದ ಮೇಲೆ ದೂರಿನ ವಿಭಾಗದ ಕೆಲಸ ಕಲಿಸುತ್ತೀರಿ? ಮರುದಿನ ಫೋನಿನಲ್ಲಿ ಉತ್ತರ ಬಂತು. ಮೂವರಲ್ಲಿ ಇಬ್ಬರು ಪರವಾನಗಿಯ ವಿಭಾಗಕ್ಕೆ ಹೋಗಿದ್ದಾರೆ. ಒಬ್ಬರು ಅದೇ ಮೇಜಿನಲ್ಲಿದ್ದಾರೆ. ಒಂದು ವರ್ಷವಾದ ಮೇಲೆ ಕಲಿಸುತ್ತೇವೆ. ಆ ಒಬ್ಬರನ್ನು ಮುಚ್ಚಿಡದೆ ಹೇಳಿದರಲ್ಲ, ಅದು ನನಗೆ ಹಿಡಿಸಿತು. ಕೆಳಗಿನ ಮೆಟ್ಟಿಲನ್ನು ಅಳೆಯಬೇಕಾದದ್ದು ಮೇಲಿನ ಮೆಟ್ಟಿಲು ಎಷ್ಟು ಎತ್ತರವೆಂಬುದರಿಂದಲ್ಲ, ಅಲ್ಲಿ ನಿಂತು ಕಲಿತದ್ದು ಇನ್ನೊಂದು ಏಣಿಗೂ ಒದಗುತ್ತದೆಯೇ ಎಂಬುದರಿಂದ ಎಂದು ನನಗೆ ತೋರಿತು. ನನ್ನ ಹತ್ತೊಂಬತ್ತು ವರ್ಷದ ಮೇಲೂ ಈ ಅಳತೆಗೋಲು ಇಟ್ಟು ನೋಡಿದೆ, ಅಷ್ಟೇನೂ ನಷ್ಟವಾಗಿರಲಿಲ್ಲ.

ಚೈತ್ರ ಕಾರ್ಖಾನೆಗೆ ಸೇರಿದಳು. ಅಕ್ಕ ನನ್ನ ಮೇಲೆ ಸಿಟ್ಟಾದಳು, "ಕಂತು ನೀನು ಕಟ್ಟುತ್ತೀಯೇನೋ?" ಎಂದಳು. ಸಂಬಳದಲ್ಲಿ ಬಿದ್ದ ಕೊರತೆಯನ್ನು ಒಂದು ವರ್ಷ ನಾನು ತುಂಬುತ್ತೇನೆಂದು ಒಪ್ಪಿಕೊಂಡೆ. ಹೀಗೆ, ನಾನು ಜೀವಮಾನದಲ್ಲಿ ಬಿಟ್ಟಿಯಾಗಿ ಕೊಡದ ಸಲಹೆ ಇದೊಂದೇ. ಇದಕ್ಕೆ ತಿಂಗಳು ತಿಂಗಳೂ ನಾನೇ ದುಡ್ಡು ತೆರುತ್ತಿದ್ದೇನೆ.

ಬಡ್ತಿ ಇನ್ನೂ ಬಂದಿಲ್ಲ. ಮೊನ್ನೆ ಅವಳು ನನ್ನಿಂದ ಪಡೆದ ಹಣದ ಲೆಕ್ಕ ಬರೆದು ಕಳುಹಿಸಿದ್ದಳು, ತೀರಿಸಬೇಕಾದ ಸಾಲವೆಂದು. ಮಾರ್ಚ್ ತಿಂಗಳ ಎದುರಿಗೆ ಮೊದಲು ಐನೂರು ರೂಪಾಯಿ ಕಡಮೆ ಬರೆದಿದ್ದಳು. ಅದರ ಮೇಲೆ ಒಂದೇ ಗೆರೆ. ಪಕ್ಕದಲ್ಲಿ ಸರಿಯಾದ ಮೊತ್ತ, ಸಹಿ, ತಾರೀಖು.