ಒಣ ಬಟ್ಟೆಯ ಗೀರುಗಳು

ಕಲಬುರಗಿಯಲ್ಲಿ ಕಾರಿನ ಬಣ್ಣ ಕೆಡಲು ಯಾರೂ ಬಂದು ಗುದ್ದಬೇಕಿಲ್ಲ, ಒಣ ಬಟ್ಟೆ ಸಾಕು. ಬೆಳಿಗ್ಗೆ ಬ್ರಹ್ಮಪುರದ ಓಣಿಗಳಲ್ಲಿ ಒಂದು ಸುತ್ತು ಹಾಕಿ ನೋಡಿ. ನಾಲ್ಕಾರು ಮನೆಗಳ ಮುಂದಾದರೂ ರಾತ್ರಿಯಿಡೀ ಕೂತ ಧೂಳನ್ನು ಯಾರೋ ಹಳೆಯ ಬನಿಯನ್ನಿನಿಂದ ಗಸಗಸ ಒರೆಸುತ್ತಿರುತ್ತಾರೆ.

ನಮ್ಮ ಬ್ಯಾಚಿನ ನಾಲ್ವರು ದುಡ್ಡು ಕೂಡಿಸಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು ಕಡುನೀಲಿ. ಚಿತ್ತಾಪುರ, ಸೇಡಂ, ಶಹಾಬಾದ್ ಕಡೆ ವರದಿಗೆ ಹೋಗಲು ಬಸ್ಸಿಗೆ ಕಾಯುವುದು ತಪ್ಪಲಿ ಎಂದು ಕೊಂಡದ್ದು. ಸಿಮೆಂಟ್ ಲಾರಿ, ಕಲ್ಲಿನ ಗಣಿ, ಜನವರಿಯ ತೊಗರಿ ರಾಶಿ, ಎಲ್ಲದರ ಧೂಳೂ ಅದರ ಮೈಮೇಲೆ. ನಾವು ಯಾರದೋ ಕಟ್ಟೆ ಮೇಲೆ ಕೂತು ಮಾತಾಡಿಸುವಷ್ಟರಲ್ಲಿ ಊರ ಹುಡುಗರು ಬಾನೆಟ್ ಮೇಲೆ ಬೆರಳಿನಿಂದ ಹೆಸರು ಬರೆದಿರುತ್ತಿದ್ದರು. ತೊಳೆದ ಮೇಲೂ ಬಿಸಿಲಿಗೆ ಓರೆಯಾಗಿ ನೋಡಿದರೆ ಒಂದೆರಡು ಹೆಸರು ಓದಬಹುದಿತ್ತು. ಬೈಯಲು ಮನಸ್ಸಾಗಲಿಲ್ಲ. ಒತ್ತಕ್ಷರ ಸಮೇತ ಸರಿಯಾಗಿ ಬರೆದಿದ್ದರಲ್ಲ!

ಈ ಬೇಸಿಗೆಯಲ್ಲಿ ನಮ್ಮಲ್ಲೊಬ್ಬಳ ಅಪ್ಪನಿಗೆ ಆಪರೇಷನ್ ಬಂತು. ಅವಳ ಪಾಲು ಕೊಡಬೇಕೆಂದರೆ ಕಾರು ಮಾರದೆ ದಾರಿಯಿರಲಿಲ್ಲ. ನೋಡಲು ಬಂದವರು ಬಾನೆಟ್ ಮೇಲೆ ಕೈಯಾಡಿಸಿ, "ಪೂರಾ ಗೀರು ಬಿದ್ದಾವ್ರಿ, 15 ಸಾವಿರ ಕಮ್ಮಿ ಮಾಡ್ರಿ" ಅಂದರು. ಟೂತ್‌ಪೇಸ್ಟ್ ತಿಕ್ಕಿ, ಸೀಮೆಎಣ್ಣೆ ಒರೆಸಿ, ಮಷಿನ್ ಹಿಡಿಸಿ ಅಂತ ಓಣಿಯ ತುಂಬ ಸಲಹೆ. ಪೇಂಟಿಂಗ್ ಕೆಲಸದ ಕಾಕಾ ಒಬ್ಬರು ಮಾತ್ರ, "ಮೊದ್ಲ ಉಗುರು ಹಾಕಿ ನೋಡ್ರಿ" ಅಂದರು.

ಗೀರಿಗೆ ಅಡ್ಡಲಾಗಿ ಉಗುರು ಎಳೆದಾಗ ಸಿಕ್ಕಿಕೊಂಡರೆ ಅದು ಆಳದ್ದು, ಪಾಲಿಶ್‌ಗೆ ಹೋಗುವುದಿಲ್ಲ. ಉಗುರು ಜಾರಿ ಹೋದರೆ, ನೀರು ಹಚ್ಚಿದಾಗ ಗೀರು ಕಾಣದಂತಾದರೆ, ಅದು ಮೇಲಿನ ಪಾರದರ್ಶಕ ಪದರದಲ್ಲಷ್ಟೇ ಇದೆ. ಈ ಪದರಕ್ಕೆ ಕ್ಲಿಯರ್ ಕೋಟ್ ಅನ್ನುತ್ತಾರೆ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ಶಹಾಬಾದ್ ಕಲ್ಲಿಗೆ ಪಾಲಿಶ್ ಹಿಡಿಯುವುದನ್ನು ನಾವೆಲ್ಲ ನೋಡಿದವರೇ: ಒರಟು ಪುಡಿಯಿಂದ ಶುರುಮಾಡಿ ನುಣುಪಿಗೆ ಬರುತ್ತಾರೆ, ಹೊಳಪು ಬರುವುದು ಕಲ್ಲು ಸವೆದೇ. ಕಾರಿನದೂ ಅದೇ ಲೆಕ್ಕ. ಪಾಲಿಶ್ ಎಂದರೆ ಗೀರನ್ನು ತುಂಬುವುದಲ್ಲ, ಅದರ ಸುತ್ತಲಿನ ಬಣ್ಣವನ್ನು ಗೀರಿನ ಆಳಕ್ಕೆ ಇಳಿಸುವುದು. ಕಲ್ಲು ಇಂಚುಗಟ್ಟಲೆ ಇರುತ್ತದೆ, ಇಲ್ಲಿ ಕೂದಲೆಳೆಯಷ್ಟೂ ಇಲ್ಲ. ಹೋದದ್ದು ಮತ್ತೆ ಬೆಳೆಯುವುದಿಲ್ಲ. ಮಷಿನ್‌ನಲ್ಲಿ ಕೈ ಪಳಗದವರು ಅಂಚುಗಳಲ್ಲಿ ಅದನ್ನು ಪೂರ್ತಿ ತೆಗೆದೇಬಿಡಬಹುದು, ಅಂಚಿನಲ್ಲಿ ಬಣ್ಣ ಇನ್ನೂ ತೆಳು. ಸೀಮೆಎಣ್ಣೆಯ ಹೊಳಪಂತೂ ಒಂದು ತೊಳೆತಕ್ಕೆ ಇಳಿಯುತ್ತದೆ, ಗೀರು ಇದ್ದಲ್ಲೇ ಇರುತ್ತದೆ. ಕೊಳ್ಳುವವರ ಕಣ್ಣಿಗೆ ಮಣ್ಣೆರಚಲು ಅದು ಸರಿ, ನಮಗೆ ಬೇಡವೆನಿಸಿತು.

ಮುಖ್ಯ ಕೆಲಸ ತೊಳೆಯುವುದು. ಮರಳಿನ ಕಣ ಒಂದು ಉಳಿದರೂ ಪಾಲಿಶ್ ಬಟ್ಟೆಯೇ ಹೊಸ ಗೀರು ಎಳೆಯುತ್ತದೆ. ಆದರೆ ಮೇ ತಿಂಗಳಲ್ಲಿ, ನಳಕ್ಕೆ ನೀರು ಬರುವ ದಿನ ಲೆಕ್ಕ ಹಾಕುವ ಓಣಿಯಲ್ಲಿ, ಕಾರಿಗೆ ಪೈಪ್ ಹಿಡಿದು ನಿಲ್ಲುವುದು ಹೇಗೆ? ಎದುರು ಮನೆಯ ಅವ್ವ ಕೊಡ ಹಿಡಿದು ನೋಡುತ್ತ ನಿಂತಿರುತ್ತಾರೆ. ಎರಡು ಬಕೆಟ್ ನೀರಿನಲ್ಲೇ ಮುಗಿಸಿದೆವು. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದು ಬಟ್ಟೆ ಜಾಲಿಸಲು. ಮೊದಲು ಮಗ್ಗಿನಿಂದ ನೀರು ಸುರಿದು ಧೂಳು ಇಳಿಸಿ, ಆಮೇಲೆ ಮೇಲಿನಿಂದ ಕೆಳಕ್ಕೆ, ಒತ್ತದೆ. ಬೋರಿನ ಗಡಸು ನೀರು ತಾನಾಗಿ ಒಣಗಿದರೆ ಬಿಳಿ ಕಲೆ ಕೂರುತ್ತದೆ ಎಂದು ಕೂಡಲೇ ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ಒಣಗಿಸಿದೆವು. ಮಣ್ಣು ನೀರು ಬೇವಿನ ಗಿಡದ ಬುಡಕ್ಕೆ.

ಪಾಲಿಶ್ ಹಿಡಿದದ್ದು ಬೆಳಿಗ್ಗೆ ಆರಕ್ಕೆ, ಅದೇ ಗಿಡದ ನೆರಳಲ್ಲಿ. ನಮ್ಮ 40 ಡಿಗ್ರಿ ದಾಟಿದ ಬಿಸಿಲಿಗೆ ತಗಡು ಕಾದಿದ್ದರೆ ಪಾಲಿಶ್ ಹಚ್ಚುತ್ತಲೇ ಒಣಗಿ ಅಂಟುತ್ತದೆ. ಅಂಚು, ರಬ್ಬರು, ಪ್ಲಾಸ್ಟಿಕ್ಕಿಗೆಲ್ಲ ಮಾಸ್ಕಿಂಗ್ ಟೇಪ್. ಎಲ್ಲಕ್ಕಿಂತ ನುಣ್ಣನೆಯ ಪಾಲಿಶ್, ಕಡಲೆಕಾಳಿನಷ್ಟು, ಸ್ಪಂಜಿನ ಮೇಲೆ. ಒಂದು ಮೊಳ ಜಾಗವಾದ ಮೇಲೆ ಒರೆಸಿ ನೋಡಿ, ಸಾಕೆನಿಸಿದರೆ ಮುಂದಕ್ಕೆ. ಸ್ಪಂಜಿಗೆ ನೀಲಿ ಹತ್ತುತ್ತದೆಯೇ ಎಂದು ಆಗಾಗ ನೋಡುತ್ತಿದ್ದೆವು. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಬಣ್ಣ ಹತ್ತಿದರೆ ಅಲ್ಲಿಗೆ ಕೈ ತೆಗೆಯಬೇಕು. ಅದಿಲ್ಲದ ಹಳೆಯ ಒಂದೇ ಪದರದ ಬಣ್ಣದಲ್ಲಾದರೆ ಸ್ವಲ್ಪ ಹತ್ತುವುದು ಸಹಜ. ಎರಡು ದಿನ ಬೇಕಾಯಿತು, ರಟ್ಟೆ ಬಿದ್ದುಹೋಯಿತು. ಕೊನೆಗೆ ವ್ಯಾಕ್ಸ್.

ಬಾನೆಟ್ ಮೇಲಿನ ಹೆಸರುಗಳು ಹೋದವು. ಡಿಕ್ಕಿಯ ಮೇಲೆ ಉಗುರು ಸಿಕ್ಕುವ ಗೀರು ಒಂದಿತ್ತು, ಅದನ್ನು ಮುಟ್ಟಲಿಲ್ಲ. ಅದೇ ಗಿರಾಕಿ ಮತ್ತೆ ಬಂದಾಗ ನಾವೇ ಅದನ್ನು ತೋರಿಸಿದೆವು. 15 ಇದ್ದದ್ದು 4 ಸಾವಿರಕ್ಕೆ ಇಳಿಯಿತು. ಸಂಜೆಯೇ ಅವಳ ಪಾಲು ಕೊಟ್ಟೆವು. ಕಾರು ಅವರ ಮನೆ ಮುಂದೆ ನಿಂತಿದೆ, ಬೀಗದ ಕೈ ಜೊತೆ ಮೈಕ್ರೋಫೈಬರ್ ಬಟ್ಟೆಗಳನ್ನೂ ಕೊಟ್ಟು ಬಂದಿದ್ದೇವೆ.